ಮೂರು ಗಂಟೆಯ ಕೆಮ್ಮು

ಅಪ್ಪನ ದನಿಯಲ್ಲಿ ಫೋನ್ ಮಾಡಿ ಕಾಲೇಜಿಗೆ ರಜೆ ಹಾಕಿದವನು ನಾನು. ನನ್ನ ಮಾತನ್ನು ಯಾರು ನಂಬುತ್ತಾರೆ? ಆದರೂ ಹೇಳುತ್ತೇನೆ... ಇದರಲ್ಲಿ ಒಂದಕ್ಷರವೂ ಮಿಮಿಕ್ರಿಯಲ್ಲ.

ಮುಂಬೈನ ಸಯನ್‌ನಲ್ಲಿರುವ ನಮ್ಮ ಬಿಲ್ಡಿಂಗಿನಲ್ಲಿ ಒಂದು ಪದ್ಧತಿ. ರಾತ್ರಿ ವಾಚ್‌ಮನ್ ಗಂಟೆಗೊಮ್ಮೆ, ಗಂಟೆ ಎಷ್ಟಾಯಿತೋ ಅಷ್ಟು ಸಲ ಗೇಟಿಗೆ ಲಾಠಿ ಬಡಿದು "ಜಾಗ್ತೇ ರಹೋ!" ಎಂದು ಕೂಗಬೇಕು. ಎಚ್ಚರವಾಗಿರಿ ಎಂದು ಕೂಗಿದರೇನೇ ನಮ್ಮ ಜನಕ್ಕೆ ನಿದ್ದೆ! ನಾಲ್ಕನೇ ಮಹಡಿಯ ಸೆಕ್ರೆಟರಿ ರಾವ್ ಅಂಕಲ್‌ಗೆ ಅದೂ ಇಲ್ಲ. ಹಾಸಿಗೆಯಲ್ಲೇ ಕೂತು ಏಟು ಎಣಿಸುತ್ತಾರೆ.

ವಾಚ್‌ಮನ್ ಭೀಮಣ್ಣ ವಿಜಯಪುರದ ಕಡೆಯವನು. ಎರಡು ಸಲ ತೂಕಡಿಸಿ ಸಿಕ್ಕಿಬಿದ್ದಿದ್ದ. ಇನ್ನೊಂದು ಸಲ ತಪ್ಪಿದರೆ ಮನೆಗೆ ಕಳಿಸುತ್ತೇನೆ ಎಂದು ಅಂಕಲ್ ಹೇಳಿಯಾಗಿತ್ತು. ಒಂದು ರಾತ್ರಿ ನೋಡಿದರೆ ಜ್ವರದಲ್ಲಿ ಗಡಗಡ ನಡುಗುತ್ತಿದ್ದ.

"ಮಲಗು ಭೀಮಣ್ಣ, ಇವತ್ತು ನಾನು ಕೂಗ್ತೀನಿ."

"ಬ್ಯಾಡೋ ತಮ್ಮಾ. ನನ್ನ ದನಿ ತಗದು ಕಡೀಕ ಕೆಮ್ಮತಿ ನೀ. ನಾ ಎಲ್ಲಿ ಕೆಮ್ಮತೀನಿ?"

"ಅದು ಜನ ನಗಲಿ ಅಂತ ಸೇರಿಸಿದ್ದು. ಇವತ್ತು ಕೆಮ್ಮಲ್ಲ, ಬಸ್!"

ಹಣೆಗೆ ಬಾಮ್ ಹಚ್ಚಿಕೊಂಡು ಕ್ಯಾಬಿನ್‌ನಲ್ಲಿ ಮುದುಡಿ ಮಲಗಿದ. ನಾನು ಒಂದಕ್ಕೆ ಕೂಗಿದೆ, ಎರಡಕ್ಕೂ ಕೂಗಿದೆ. ಮೇಲಿನ ಕಿಟಕಿಯಿಂದ "ಶಾಬ್ಬಾಸ್ ಭೀಮಣ್ಣ!" ಎಂದರು ಅಂಕಲ್. "ಹೂಂನ್ರೀ ಸಾಹೇಬ್ರ!" ಎಂದು ಅವನದೇ ದನಿಯಲ್ಲಿ ಉತ್ತರಿಸಿ ಬೀಗಿದೆ.

ಕೊನೆಯ ಲೋಕಲ್ ಹೋಗಿ ಬಹಳ ಹೊತ್ತಾಗಿತ್ತು. ಗಟಾರದ ವಾಸನೆ, ನೀರಿನ ಪಂಪಿನ ಗುಂಯ್... ಲಾಠಿಯನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು ಕುರ್ಚಿಗೆ ಒರಗಿದೆ. ಒಂದೇ ನಿಮಿಷ ಅಂದುಕೊಂಡೆ...

ಟಣ್... ಟಣ್... ಟಣ್...

"ಜಾಗ್ತೇ ರಹೋ...!"

ಆಮೇಲೆ ಸಣ್ಣಗೆ, ಒಂದು ಕೆಮ್ಮು.

ದಡಬಡಿಸಿ ಎದ್ದೆ. ಮೊಬೈಲ್‌ನಲ್ಲಿ ಸರಿಯಾಗಿ ಮೂರು. ಲಾಠಿ ಮೊಣಕಾಲುಗಳ ನಡುವೆಯೇ ಇತ್ತು. ಕ್ಯಾಬಿನ್‌ಗೆ ಇಣುಕಿದೆ. ಬಾಮ್‌ನ ಘಾಟು, ಭೀಮಣ್ಣನ ಗೊರಕೆ.

ಆ ಕೆಮ್ಮು ಅವನದಲ್ಲ. ನಾನು ಕಟ್ಟಿದ್ದು.

ನಿದ್ದೆಗಣ್ಣಿನಲ್ಲಿ ನಾನೇ ಕೂಗಿರಬೇಕು ಎಂದು ನನಗೇ ಸಮಾಧಾನ ಹೇಳಿಕೊಂಡೆ. ಮತ್ತೆ ಕುರ್ಚಿ ಮುಟ್ಟಲಿಲ್ಲ. ನಾಲ್ಕಕ್ಕೆ ಕೂಗುವಾಗ ಭೀಮಣ್ಣನ ದನಿ ಬರಲೇ ಇಲ್ಲ, ನನ್ನದೇ ಬಂತು.

ಬೆಳಿಗ್ಗೆ ಹಾಲಿಗೆ ಇಳಿದ ಅಂಕಲ್ ಗೇಟಿನ ಬಳಿ ನಿಂತರು. ಭೀಮಣ್ಣ ಎದ್ದು ಸಲಾಮು ಹೊಡೆದ.

"ನಿನ್ನ ಕೆಲಸ ಪಕ್ಕಾ ಕಣಯ್ಯ, ಒಂದು ಗಂಟೆನೂ ತಪ್ಪಿಲ್ಲ. ಆದ್ರೆ ಮೂರಕ್ಕೆ ಮೇಲ್ಯಾಕೆ ಬಂದೆ? ನಮ್ಮನೆ ಬಾಗಿಲ ಗ್ರಿಲ್‌ಗೇ ಬಡಿದು ಕೂಗೋದಾ? ನಾನು ಬಾಗಿಲು ತೆಗೆಯೋಷ್ಟರಲ್ಲಿ ಕೆಮ್ತಾ ಇಳಿದು ಹೋದೆ!"

ಭೀಮಣ್ಣ ನನ್ನ ಮುಖ ನೋಡಿದ. ನಾನು ಮೆಟ್ಟಿಲ ಕಡೆ ನೋಡಿದೆ.

ಈಗಲೂ ಮೂರಕ್ಕೆ ಐದು ನಿಮಿಷ ಇರುವಾಗ ತಾನಾಗಿ ಎಚ್ಚರವಾಗುತ್ತದೆ. ಹಾಸಿಗೆಯಲ್ಲೇ ಕೂತು ಏಟು ಎಣಿಸುತ್ತೇನೆ, ರಾವ್ ಅಂಕಲ್ ಹಾಗೆ. ಗೇಟಿನಲ್ಲಿ ಭೀಮಣ್ಣ ಕೂಗಿ ಮುಗಿಸುತ್ತಾನೆ. ಅವನು ಕೆಮ್ಮುವುದಿಲ್ಲ. ಅವನ ಮಿಮಿಕ್ರಿಯನ್ನು ನಾನಂತೂ ಬಿಟ್ಟಿದ್ದೇನೆ.

ಬೇರೆ ಯಾರೋ ಬಿಟ್ಟಿಲ್ಲ. ಮೊನ್ನೆ ಕೆಮ್ಮು ಕೇಳಿಸಿದ್ದು ಎರಡನೇ ಮಹಡಿಯಲ್ಲಿ... ನಮ್ಮ ಮನೆ ಇರುವುದೂ ಅಲ್ಲೇ.