ಕೇರಿಗೆ ಧಕ್ಕೆ ಇಲ್ಲ

ನಮ್ಮ ಕರಾವಳಿಯಲ್ಲಿ ಧಕ್ಕೆ ಅಂದರೆ ದೋಣಿ ಕಟ್ಟುವ, ಮೀನು ಇಳಿಸುವ ಕಲ್ಲಿನ ಕಟ್ಟೆ. ತದಡಿಯಲ್ಲಿ ಯಾರನ್ನಾದರೂ ಎಲ್ಲಿಗೆ ಹೊರಟಿದ್ದು ಎಂದು ಕೇಳಿ, ಧಕ್ಕೆಗೆ ಅನ್ನುತ್ತಾರೆ. ಘಟ್ಟ ಹತ್ತಿದರೆ ಮುಗಿಯಿತು, ಅದೇ ಶಬ್ದಕ್ಕೆ ಹಾನಿ, ತೊಂದರೆ ಎಂಬ ಅರ್ಥ ಮಾತ್ರ ಉಳಿಯುತ್ತದೆ. ಇಷ್ಟು ವರ್ಷ ಸುದ್ದಿ ಬರೆದರೂ ಇದರಿಂದ ನನಗೆ ಒಮ್ಮೆಯೂ ಎಡವಟ್ಟಾಗಿರಲಿಲ್ಲ. ಹೊನ್ನಾವರದ ನಮ್ಮ ಕಚೇರಿಯಲ್ಲಿ ಪುಟ ನೋಡುವ ಹಿರಿಯರೊಬ್ಬರಿದ್ದರು. ಮಹಾ ಸಿಡುಕ. "ಇದೆಂತ ಮಾರಾಯ, ಸುದ್ದಿಯೋ ಶ್ರಾದ್ಧದ ಕಾಗದವೋ?" ಎಂದು ಬೈದು, ಆಮೇಲೆ ತಾವೇ ಕೂತು ತಿದ್ದುತ್ತಿದ್ದರು. ಯಾವ ಧಕ್ಕೆ ಯಾವುದು ಎಂದು ಅವರಿಗೆ ಹೇಳಬೇಕಾಗಿರಲಿಲ್ಲ.

ಆ ಕಚೇರಿ ಮುಚ್ಚಿದರು. ಹಿರಿಯರಿಗೆ ಒಂದು ಶಾಲು ಹೊದೆಸಿ ಮನೆಗೆ ಕಳಿಸಿದರು. ಕುಮಟಾ ಒಂದನ್ನೇ ನೋಡುತ್ತಿದ್ದ ನನ್ನ ಕುತ್ತಿಗೆಗೆ ಹೊನ್ನಾವರ, ಭಟ್ಕಳ ಎರಡನ್ನೂ ಕಟ್ಟಿದರು. ಪುಟ ಕಟ್ಟುವ ಕೆಲಸ ಘಟ್ಟದಾಚೆಯ ಶಹರಕ್ಕೆ ಹೋಯಿತು. ಬೆಳಿಗ್ಗೆ ಕಾಯ್ಕಿಣಿಯಲ್ಲಿ ಬಾವಿಗೆ ಬಿದ್ದ ದನ, ಮಧ್ಯಾಹ್ನ ಹಿರೇಗುತ್ತಿಯಲ್ಲಿ ಗದ್ದೆಗೆ ನುಗ್ಗಿದ ಉಪ್ಪುನೀರು, ನಡುವೆ ಹೆದ್ದಾರಿಯ ಧೂಳು ತಿನ್ನುತ್ತ ಸ್ಕೂಟರಿನ ಮೇಲೆ ನಾನು. ಇದಕ್ಕೆ ಅವರು ಕೊಟ್ಟ ಹೆಸರು 'ವಲಯ ವರದಿಗಾರ'. ಥೂ!

ಇದೇ ಓಡಾಟದಲ್ಲಿ ಹೊಳೆದಂಡೆಯ ಸಣ್ಣ ಕೇರಿಯೊಂದರ ಮೀನು ಮಾರುವ ಹೆಂಗಸು ನನ್ನನ್ನು ತಡೆದಳು. ಅವರ ಕೇರಿಯ ಹಳೇ ಧಕ್ಕೆ ಮಳೆಗಾಲದಲ್ಲಿ ಕುಸಿದು ನೀರುಪಾಲಾಗಿತ್ತು. ನೀರಿಳಿತದ ಹೊತ್ತಿಗೆ ಮೊಣಕಾಲುದ್ದ ಕೆಸರಿನಲ್ಲಿ ಬುಟ್ಟಿ ಹೊತ್ತು ದಡಕ್ಕೆ ಬರಬೇಕು. ಜಾರಿ ಬಿದ್ದು ಅವಳ ಬಲಗೈ ಮುರಿದಿತ್ತು, ಕೂಡಿಸಿದ ಮೂಳೆ ಸೊಟ್ಟಗೇ ಉಳಿದಿತ್ತು. "ಇನ್ನೊಂದ್ ಸಲ ಬಿದ್ರೆ ನನ್ ಬುಟ್ಟಿ ಅಲ್ಲಿಗೇ ಆತು. ಅರ್ಜಿ ಕೊಟ್ಟು ಸಾಕಾತು. ನೀವಾದ್ರೂ ಬರೀರಾ," ಅಂದಳು.

ಅಧಿಕಾರಿಯನ್ನು ಕೇಳೋಣವೆಂದು ಸಂಬಂಧಪಟ್ಟ ಕಚೇರಿಗೆ ಹೋದೆ. ಮೊದಲೆಲ್ಲ ಅಲ್ಲಿನ ಸಭೆಗಳಲ್ಲಿ ನಮಗೊಂದು ಬೆಂಚು ಇರುತ್ತಿತ್ತು, ಬೇಕಾದ್ದು ಕೇಳುತ್ತಿದ್ದೆವು, ಜಗಳವೂ ಆಡುತ್ತಿದ್ದೆವು. ಈಗ ಬಾಗಿಲಲ್ಲೇ ಜವಾನ ಕೈ ಅಡ್ಡ ಹಿಡಿದ. "ಪ್ರೆಸ್‌ನೋರು ಒಳಗೆ ಬರೂ ಹಾಂಗಿಲ್ಲ. ಎಂತ ಇದ್ರೂ ಗ್ರೂಪಿಗೇ ಬತ್ತದೆ." ಆ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ನಾವು ಓದಬಹುದು, ಬರೆಯುವ ಹಾಗಿಲ್ಲ. ಬಾಯಿ ಕಟ್ಟಿ ಊಟಕ್ಕೆ ಕೂರಿಸಿದ ಹಾಗೆ. ಗಿಡ ನೆಟ್ಟ ಫೋಟೋ, ಶಾಲು ಹೊದ್ದ ಫೋಟೋ ನೋಡುತ್ತ ಕೂತಿರಬೇಕು.

ಕೊನೆಗೆ ಅಧಿಕಾರಿಯ ಮಾತಿಲ್ಲದೆಯೇ ಬರೆದು ಕಳಿಸಿದೆ. ತಲೆಬರಹ 'ಧಕ್ಕೆ ಇಲ್ಲದ ಕೇರಿ: ಮೀನುಗಾರ ಮಹಿಳೆಯರ ಗೋಳು'. ಮರುದಿನ ಪೇಪರು ಬಿಡಿಸಿದರೆ ತಲೆಬರಹವೇ ಬೇರೆ. 'ಕೇರಿಗೆ ಧಕ್ಕೆ ಇಲ್ಲ: ಅಧಿಕಾರಿಗಳ ಭರವಸೆ'. ಗ್ರೂಪಿನ ಯಾವುದೋ ಟಿಪ್ಪಣಿಯಿಂದ ನಾಲ್ಕು ಸಾಲು ತಂದು ಸೇರಿಸಿ, ಗೋಳನ್ನು ಪೂರ್ತಿ ತೆಗೆದಿದ್ದರು. ಕೆಳಗೆ ನನ್ನ ಹೆಸರು ಮಾತ್ರ ತಪ್ಪಿಲ್ಲದೆ ಇತ್ತು.

ಡೆಸ್ಕಿಗೆ ಫೋನು ಮಾಡಿ ಕೂಗಾಡಿದೆ. ಆ ಕಡೆಯವನು ಪಾಪ, ಒಬ್ಬನೇ ಎಷ್ಟೋ ಜಿಲ್ಲೆಯ ಪುಟ ಕಟ್ಟುವವನು. "ಸರ್, ಧಕ್ಕೆ ಇಲ್ಲ ಅಂದ್ರೆ ಒಳ್ಳೇದೇ ಅಲ್ವಾ?" ಎಂದು ನಿಜವಾಗಿಯೂ ಅರ್ಥವಾಗದೆ ಕೇಳಿದ. ತಿದ್ದುಪಡಿ ಹಾಕು ಅಂದೆ. ನೋಡೋಣ ಸರ್ ಅಂದ. ಆ ತಿದ್ದುಪಡಿ ಇವತ್ತಿನವರೆಗೆ ಬಂದಿಲ್ಲ.

ಅದೇ ದಿನ ಮಧ್ಯಾಹ್ನ ಅವಳ ಫೋನು ಬಂತು. ಓದು ಬಾರದ ಅವಳಿಗೆ ಅಂಗಡಿಯವನು ತಲೆಬರಹದ ಮೊದಲರ್ಧ ಓದಿ ಹೇಳಿದ್ದನಂತೆ. "ನಮ್ ಕೇರಿಗೆ ಧಕ್ಕೆ ಇಲ್ಲ ಅಂತ ಇಷ್ಟ್ ದೊಡ್ಡಕ್ಕೆ ಹಾಕೀರಲ್ರಾ! ಸಮಾ ಬರ್ದೀರಿ ನೋಡಿ. ಅರ್ಜಿ ಜೊತೀಗೆ ಇದನ್ನೂ ಕೊಡ್ತೆ." ಅವಳ ಕಿವಿಗೆ ಅದು ಸರಿಯಾಗಿಯೇ ಕೇಳಿತ್ತು. ಬೇಡ, ಕೊಡಬೇಡ ಅನ್ನಬೇಕಿತ್ತು. ನನ್ನ ಪೇಪರಿನಲ್ಲಿ ನನ್ನ ಮಾತು ನಡೆಯುವುದಿಲ್ಲ ಎಂದು ಮೀನು ಮಾರುವವಳ ಮುಂದೆ ಹೇಳಲು ನಾಚಿಕೆಯಾಯಿತು. ಎರಡು ದಿನದಲ್ಲಿ ತಿದ್ದುಪಡಿ ಬಂದೇ ಬರುತ್ತದೆ ಎಂದು ನನಗೆ ನಾನೇ ಸುಳ್ಳು ಹೇಳಿಕೊಂಡೆ. "ಆತು," ಅಂದೆ. ಆ ಒಂದು ಮಾತಿಗೆ ನನ್ನ ನಾಲಿಗೆ ಸೇದಿ ಹೋಗಬೇಕಿತ್ತು.

ಮುಂದಿನ ತಿಂಗಳು ಅವಳು ಕುಮಟಾ ಪೇಟೆಯಲ್ಲಿ ನನ್ನನ್ನು ಹುಡುಕಿಕೊಂಡು ಬಂದಳು. ಪ್ಲಾಸ್ಟಿಕ್ ಕೊಟ್ಟೆಯೊಳಗೆ ಪೇಪರಿನ ತುಂಡು, ಅದರ ಜೊತೆ ಕಚೇರಿಯಿಂದ ಬಂದ ಉತ್ತರ. ಓದಿ ಹೇಳಿ ಅಂದಳು. ಓದಿದೆ. 'ಪತ್ರಿಕಾ ವರದಿಯಂತೆ ಸದರಿ ಕೇರಿಗೆ ಯಾವುದೇ ಧಕ್ಕೆ ಇಲ್ಲದಿರುವುದರಿಂದ ಅರ್ಜಿಯನ್ನು ವಿಲೇ ಮಾಡಲಾಗಿದೆ.'

ಅವಳ ಮುಖ ಅರಳಿತು. "ಹಂಗಾರೆ ಇಲ್ಲ ಅಂತ ಅವ್ರೂ ಒಪ್ಕಂಡ್ರು! ಯಾವಾಗ ಕಟ್ತ್ರಂತೆ?"

ಹೇಳಿದೆ. ಅವರ ಧಕ್ಕೆ ಬೇರೆ, ನಿನ್ನ ಧಕ್ಕೆ ಬೇರೆ ಎಂದೆ. ವಿಲೇ ಅಂದರೆ ಮುಗಿಸಿಬಿಟ್ಟರು, ಇನ್ನು ಕಟ್ಟುವುದಿಲ್ಲ ಎಂದೆ. ಅವಳು ಎರಡೂ ಕಾಗದ ಇಸಿದುಕೊಂಡು ಮತ್ತೆ ಕೊಟ್ಟೆಯೊಳಗೆ ಹಾಕಿದಳು.

"ಇದು ನಿಮ್ಗೆ ಮೊದ್ಲೇ ಗೊತ್ತಿತ್ತಾ?"

"ಗೊತ್ತಿತ್ತು."

ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಸೊಟ್ಟಗಾದ ಕೈಯಿಂದ ಕೊಟ್ಟೆ ಬಿಚ್ಚಿ, ಕಚೇರಿಯ ಕಾಗದ ಮಾತ್ರ ತನಗಿಟ್ಟುಕೊಂಡು, ಪೇಪರಿನ ತುಂಡನ್ನು ನನ್ನ ಸ್ಕೂಟರಿನ ಸೀಟಿನ ಮೇಲಿಟ್ಟಳು. "ನಿಮ್ ಹೆಸ್ರು ಇದ್ದದ್ದು ಅಲ್ರಾ, ನೀವೇ ಇಟ್ಕಣಿ," ಎಂದು ಬುಟ್ಟಿ ತಲೆಗೇರಿಸಿಕೊಂಡು ಹೋದಳು.