ಮೊಣಕಾಲಿನ ಕಲೆ

ಭಾನುವಾರ ಸಂಜೆ ಮಗಳು ಕುಂಟುತ್ತಾ ಮನೆಯೊಳಗೆ ಬಂದಳು. ಮಕ್ಕಳ ಚಾರಣ ತಂಡದ ಜೊತೆ ಜೋಗಿಮಟ್ಟಿ ಗುಡ್ಡಕ್ಕೆ ಹೋಗಿದ್ದವಳು ಬಂಡೆಯ ಮೇಲೆ ಜಾರಿ ಮೊಣಕಾಲು ತರಚಿಕೊಂಡಿದ್ದಳು. ತಾನೇ ಗಾಯ ತೊಳೆದು, ಕೊರಳಿನ ಸ್ಕಾರ್ಫನ್ನೇ ಪಟ್ಟಿಯಂತೆ ಬಿಗಿದುಕೊಂಡು, ಗುಡ್ಡದ ತುದಿ ಮುಟ್ಟಿಯೇ ಇಳಿದಳಂತೆ.

ಹೊಳಲ್ಕೆರೆಯಿಂದ ಬಂದಿದ್ದ ನನ್ನ ಗಂಡನ ಅಕ್ಕ, ಸೋದರತ್ತೆಯ ಅಧಿಕಾರದಲ್ಲಿ ಪಟ್ಟಿ ಬಿಚ್ಚಿ ನೋಡಿ ನನ್ನ ಮೇಲೆ ರೇಗಿದರು. “ಇದು ಕಲೆ ಉಳಿತೈತೆ ಕಣೇ. ನಾಳೆ ಹೆಣ್ಣು ನೋಡಾಕೆ ಬಂದೋರಿಗೆ ಏನಂತ ಹೇಳ್ತೀಯ?”

ನಾನು ಬಾಯಿ ತೆರೆಯುವ ಮೊದಲೇ ಮಗಳು ಅಂದಳು: “ಗುಡ್ಡ ಹತ್ತಿದ್ ಗುರುತು ಅಂತ ನಾನೇ ಹೇಳ್ತೀನಿ, ಅತ್ತೆ. ನಿಮ್ ಹುಡುಗ ಯಾವ ಗುಡ್ಡ ಹತ್ತ್ಯಾನೆ ಅಂತ ಅವ್ರನ್ನೂ ಕೇಳ್ತೀನಿ.”

ಹೋದ ವರ್ಷದವರೆಗೂ ನೆಂಟರು ಬಂದರೆ ನನ್ನ ಸೆರಗಿನ ಹಿಂದೆ ಅಡಗುತ್ತಿದ್ದ ಹುಡುಗಿ ಇವಳು! ಈಗಿನ್ನೂ ಆರನೇ ತರಗತಿ. ಅವಳನ್ನು ನಾನು ಗದರಲಿ ಎಂದು ಅತ್ತಿಗೆ ಕಾಫಿ ಲೋಟ ಕೆಳಗಿಟ್ಟು ಕಾದರು. ನಾನು ಗದರಲಿಲ್ಲ.

ಕಲೆ ಉಳಿದಿದೆ, ಉಳಿಯಲಿ. ಅತ್ತಿಗೆ ಆಮೇಲೆ ಕಳಿಸಿದ ಕಲೆ ಹೋಗಲಾಡಿಸುವ ಮುಲಾಮಿನ ಮುಚ್ಚಳವನ್ನೂ ನಾನು ತೆಗೆದಿಲ್ಲ. ಮಗಳಿಗೆ ಬಂಡೆಯ ಮೇಲೆ ಜಾರದಂಥ ಬೂಟು ಕೊಡಿಸಿದ್ದೇನೆ.