ಟಾಕಿ ಮಿಸ್ತ್ರಿ ಮಾಡಿಕೊಟ್ಟ ದೋಣಿ

ನೆನೆದರೆ ಈಗಲೂ ಮೈ ಉರಿಯುತ್ತದೆ. ಎಂಬತ್ತರ ದಶಕದ ಮಾತು. ಕಾರವಾರದ ಸಮುದ್ರದಲ್ಲಿ ಹುಟ್ಟು ಹಾಕುವ ಹುಚ್ಚು ಹಿಡಿದು, ಉದ್ಯಮಬಾಗದ ಕಾರ್ಖಾನೆಗಳ ನಡುವೆ ಫೈಬರಿನ ನೀರಿನ ಟಾಕಿ ಮಾಡುವ ಮಿಸ್ತ್ರಿಯ ಕೈಲಿ ಒಬ್ಬರೇ ಕೂರುವ ಕಯಾಕ್ ದೋಣಿ ಮಾಡಿಸಿದೆ. ಅಭ್ಯಾಸಕ್ಕೆಂದು ಖಾನಾಪುರದಲ್ಲಿ ಮಲಪ್ರಭೆಗೆ ಇಳಿಸಿದರೆ, ನಡುಹೊಳೆಯಲ್ಲಿ ನನ್ನ ಸಮೇತ ಮುಳುಗಿತು. ಕೂರುವ ಹಲಗೆಯ ಕೆಳಗೆ ಬೆರಳು ತೂರುವಷ್ಟು ದೊಡ್ಡ ತೂತಿತ್ತು.

ಒದ್ದೆ ಬಟ್ಟೆಯಲ್ಲೇ ಹೋಗಿ ಕೇಳಿದೆ: “ಏನ್ ಮಿಸ್ತ್ರಿ, ದೋಣಿಗೆ ಯಾರರ ತೂತು ಹಾಕ್ತಾರೇನು?”

“ಸೋರತೈತೇನಂತ ನೋಡಾಕ ಒಳಗ ಪೂರಾ ನೀರು ತುಂಬಿಸಿದ್ವಿರೀ ಸಾಹೇಬ್ರ. ಒಂದು ಹನಿ ಸೋರಲಿಲ್ಲ.”

“ಮತ್ತ ತೂತು?”

“ಆ ನೀರು ಹೊರಗ ತಗೀಬೇಕಲ್ರೀ.”

ದೋಣಿಯನ್ನು ದಂಡೆಗೆ ಎಳೆದಾಗ ಹೊಳೆಯ ನೀರೆಲ್ಲ ಆ ತೂತಿನಿಂದಲೇ ಚೊಕ್ಕವಾಗಿ ಬಸಿದುಹೋಗಿತ್ತು. ಅದನ್ನು ಮಾತ್ರ ನಾನು ಅವನಿಗೆ ಹೇಳಲಿಲ್ಲ.